ಬಡಗಲ ತಿಟ್ಟಿನ ಬೆಂಕಿ

“ನಡೂಕೆ ಕುಂತ್ಕಳಿ ಸಾ,” ಎಂದ ತೆಪ್ಪದ ಬಸವರಾಜು.

ತೆಪ್ಪ ದುಂಡಗಿತ್ತು. ನಡು ಎಲ್ಲಿದೆ ಎಂಬುದೇನೋ ಕಾಣುತ್ತಿತ್ತು, ಆದರೆ ಯಾವ ಕಡೆಗೆ ಮುಖ ಮಾಡಿ ಕೂರಬೇಕೆಂದು ನಟರಾಜುವಿಗೆ ಹೊಳೆಯಲಿಲ್ಲ. ಮುಂದು ಹಿಂದು ಇಲ್ಲದ ಇದರೊಳಗೆ ಕೂತು ಒಂದು ಕಡೆಗೆ ಹೋಗಿ ಮುಟ್ಟುವುದು ಹೇಗೆ? ಕೇಳಲು ನಾಚಿಕೆಯಾಯಿತು. ಹುಣಸೂರಿನ ಕಾಲೇಜೊಂದರಲ್ಲಿ ಅವನು ಇತಿಹಾಸ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವುದು ಅವನೊಬ್ಬನೇ ಎಂಬುದು ಬೇರೆ ಮಾತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಿಟ್ಟು ಹೊರಟ ದಡದ ಕಡೆಗೇ ಮುಖ ಮಾಡಿ ಕೂತ.

ಬ್ಯಾಗಿನಲ್ಲಿ ಎರಡು ಹಾಳೆಯ ಜೆರಾಕ್ಸ್ ಇತ್ತು. ಅದರಲ್ಲಿರುವುದನ್ನು ಇವತ್ತು ಇಬ್ಬರಿಗೆ ತಿಳಿಸಬೇಕಾಗಿತ್ತು. ಒಬ್ಬಳಿಗೆ ಓದಲು ಬರುತ್ತದೆ, ಓದುವ ಇಷ್ಟವಿರಲಾರದು. ಇನ್ನೊಬ್ಬಳಿಗೆ ಓದಲು ಬರುವುದಿಲ್ಲ. ಅವಳಿಗೆ ಬಾಯಲ್ಲೇ ಹೇಳಬೇಕು: ಅಮ್ಮಾ, ನಾನು ಬರೆದದ್ದು ತಪ್ಪು, ನಿಮ್ಮ ಮಗ ಆ ತಪ್ಪಿನಿಂದ ಸತ್ತ.

ಮೂರು ತಿಂಗಳಿಂದ ಈ ಮಾತನ್ನು ಅವನು ಬಚ್ಚಲಲ್ಲಿ, ಬಸ್ಸಿನಲ್ಲಿ, ತರಗತಿಯಲ್ಲಿ ಹಾಜರಿ ಕೂಗುವಾಗ ಕೂಡ ಒಳಗೊಳಗೇ ಹೇಳಿಕೊಂಡಿದ್ದ. ಹೇಳಿಕೊಂಡಷ್ಟೂ ಅದು ಚೆನ್ನಾಗಿ ಆಗುತ್ತ ಬಂದಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದೂ ಗೊತ್ತಾಗಿತ್ತು. ಅದಕ್ಕಾಗಿ ತನ್ನ ಬಗ್ಗೆ ಅವನಿಗೆ ಅಸಹ್ಯವಿತ್ತು.

ಬಸವರಾಜು ಹುಟ್ಟು ಹಾಕತೊಡಗಿದ. ಆಷಾಢದ ಗಾಳಿ. ಹಿನ್ನೀರು ತುಂಬಿತ್ತು. ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟೆ ಕಟ್ಟಿದಾಗ ಮುಳುಗಿದ ಕಾಡಿನ ಮರಗಳು ಐವತ್ತು ವರ್ಷವಾದರೂ ಬೀಳದೆ ನೀರಿನಲ್ಲಿ ನಿಂತಿದ್ದವು, ಎಲೆಯಿಲ್ಲ, ತೊಗಟೆಯಿಲ್ಲ. ಒಂದೊಂದರ ತುದಿಯಲ್ಲೂ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಕೂತಿತ್ತು.

“ಚಿಕ್ಕಬೀರಮ್ಮ ಬಂದಿದಾರಾ?” ನಟರಾಜು ಕೇಳಿದ.

“ಅಮ್ಮನ್ನ ಆಗ್ಲೇ ಬುಟ್ ಬಂದಿವ್ನಿ ಸಾ. ಕತ್ಲಾಗೋ ಒತ್ಗೆ ಬೆಂಕಿ ಅಚ್ಚುಬುಟ್ಟು ನಂ ಜೊತೇಲೇ ವಾಪಸ್ ಬತ್ತಾರೆ.”

“ದಿನಾ ಬರ್ತಾರಾ?”

“ಆಸಾಡ್ದಲ್ಲಿ ದಿನಾ. ಮಿಕ್ಕ್ ತಿಂಗ್ಳು ಅಮಾಸೆ ಅಮಾಸೆಗೆ.”

“ಮಗನಿಗೋಸ್ಕರ.”

“ಊಂ ಸಾ. ಮಗುನ್ ದೆಸೆಯಿಂದ್ಲೇಯ.”

“ಪಾಪ,” ಎಂದ ನಟರಾಜು. ಬಸವರಾಜು ನೀರಿಗೆ ಉಗುಳಿದ.

ತೆಪ್ಪ ಗಾಳಿಗೆ ಅರ್ಧ ಸುತ್ತು ತಿರುಗಿತು. ಬೆನ್ನಿಗಿದ್ದ ಬಡಗಲ ತಿಟ್ಟು ಈಗ ಎದುರಿಗೆ ಬಂತು. ತಿಟ್ಟು ಎಂದರೆ ಒಂದು ಎಕರೆ ಗುಡ್ಡ, ಅದರ ಮೇಲೆ ಮೂರಾಳೆತ್ತರದ ದುಂಡನೆಯ ಕಲ್ಲಿನ ಗೋಪುರ. ಕಟ್ಟೆ ಕಟ್ಟುವ ಮೊದಲು ಅದು ಹೊಳೆಯ ಉತ್ತರದ ದಡ. ಈಗ ನೀರು ತುಂಬಿದ ತಿಂಗಳುಗಳಲ್ಲಿ ದ್ವೀಪ. ಊರವರು ಆ ಗೋಪುರವನ್ನು ಬತ್ತೇರಿ ಎನ್ನುತ್ತಿದ್ದರು. ದೀಪಸ್ತಂಭ ಎಂದವನು ನಟರಾಜು.

ಇಪ್ಪತ್ತೆರಡು ವರ್ಷದ ಹಿಂದೆ ಅವನೊಂದು ಪುಸ್ತಕ ಬರೆದಿದ್ದ. ಕಬಿನಿಯ ಎರಡೂ ದಡದ ವೀರಗಲ್ಲು, ಮಾಸ್ತಿಗಲ್ಲು, ಹಾಳು ಗುಡಿಗಳ ಪುಸ್ತಕ. ಐನೂರು ಪ್ರತಿ ಅಚ್ಚಾಗಿತ್ತು, ಮುನ್ನೂರ ಚಿಲ್ಲರೆ ಈಗಲೂ ಅವನ ಮನೆಯ ಅಟ್ಟದ ಮೇಲಿತ್ತು. ಅದರ ಏಳನೇ ಅಧ್ಯಾಯದಲ್ಲಿ ಈ ಬತ್ತೇರಿ ಬರುತ್ತದೆ. ‘ಕತ್ತಲಲ್ಲಿ ದಾರಿ ತಪ್ಪಿದ ಹರಿಗೋಲುಗಳನ್ನು ದಡಕ್ಕೆ ಕರೆಯುತ್ತಿದ್ದ ಬೆಳಕು ಇದು’ ಎಂದು ಬರೆದಿದ್ದ. ಬರೆದ ಆ ಸಂಜೆ ಅವನಿಗೆ ಅಳು ಬಂದಿತ್ತು. ಅಷ್ಟು ಒಳ್ಳೆಯ ವಾಕ್ಯವನ್ನು ಅವನು ಅದರ ಹಿಂದೆಯೂ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ.

ಆಧಾರ ಮಂಚಯ್ಯ. ಎಂಬತ್ತು ದಾಟಿದ ಮುದುಕ, ಚಿಕ್ಕಬೀರಮ್ಮನ ಮಾವ. ಜಗಲಿಯ ಮೇಲೆ ಕೂತು, ಅಲ್ಲಿ ರಾತ್ರಿಯಿಡೀ ಬೆಂಕಿ ಹಾಕುತ್ತಿದ್ದೆವು, ಮೈಲಿ ದೂರಕ್ಕೆ ಕಾಣುತ್ತಿತ್ತು, ಆರಗೊಟ್ಟರೆ ಬೆನ್ನ ಮೇಲೆ ಏಟು ಬೀಳುತ್ತಿತ್ತು ಎಂದೆಲ್ಲ ಹೇಳಿದ್ದ. ನಟರಾಜು ಎಲ್ಲವನ್ನೂ ಗುರುತು ಹಾಕಿಕೊಂಡ. ಯಾರು ಹಾಕುತ್ತಿದ್ದರು, ಎಷ್ಟು ಜನ, ಯಾವ ಮರದ ಸೌದೆ, ಎಲ್ಲ ಕೇಳಿದ. ಯಾಕೆ ಎಂದು ಕೇಳಲಿಲ್ಲ. ಹೊಳೆಯ ದಡದಲ್ಲಿ ಎತ್ತರಕ್ಕೆ ಬೆಂಕಿ ಹಾಕುವುದು ಇನ್ನು ಯಾತಕ್ಕೆ? ಅಷ್ಟರಲ್ಲಿ ಊರಿನಿಂದ ಹೊರಡುವ ಕೊನೆಯ ಬಸ್ಸು ಹಾರನ್ ಮಾಡಿತು. “ಕುಂತ್ಕಳಿ, ಇನ್ನೂ ಅದೆ,” ಎಂದ ಮುದುಕ. “ಇಷ್ಟು ಸಾಕು,” ಎಂದು ನಟರಾಜು ಎದ್ದಿದ್ದ.

ಉಳಿದದ್ದು ಈ ಏಪ್ರಿಲ್‌ನಲ್ಲಿ, ಮೈಸೂರಿನಲ್ಲಿ ಹಳೆಯ ಕಡತಗಳ ನಡುವೆ ಸಿಕ್ಕಿತು. ಯಾರೋ ಅರಣ್ಯದ ಅಧಿಕಾರಿ ಬರೆದ ಖೆಡ್ಡಾ ವರದಿ. ಕಾಡಿನಲ್ಲಿ ತಮಟೆ ಬಡಿದು, ಪಂಜು ತೋರಿಸಿ ಆನೆಯ ಹಿಂಡನ್ನು ಹೊಳೆಗೆ ಇಳಿಸುವುದು, ಈಚೆ ದಡಕ್ಕೆ ದಾಟಿಸಿ ಮರದ ದಿಮ್ಮಿಯ ದೊಡ್ಡಿಗೆ ನುಗ್ಗಿಸುವುದು. ದಾಟಿದ ಹಿಂಡು ಹಿಂದೆ ಉಳಿದ ಮರಿಗಳ ಕೂಗು ಕೇಳಿ ಹಿಂದಕ್ಕೆ ತಿರುಗುವುದುಂಟಂತೆ. ಅದಕ್ಕಾಗಿ ಅವು ಬಿಟ್ಟುಬಂದ ಉತ್ತರದ ದಡದಲ್ಲಿ ಒಂದು ಬತ್ತೇರಿ ಕಟ್ಟಿಸಿ ಅದರ ನೆತ್ತಿಯ ಮೇಲೆ ಬೆಂಕಿ ಹಾಕಿಸಲಾಗಿದೆ. ಹೋದ ಸಲಕ್ಕಿಂತ ಇದರಿಂದ ಬಹಳ ಅನುಕೂಲವಾಗಿದೆ ಎಂದು ಅಧಿಕಾರಿ ಬರೆದಿದ್ದ.

ಅಂದರೆ ಆ ಬೆಂಕಿ ಯಾರನ್ನೂ ಕರೆಯಲಿಲ್ಲ. ಬಂದ ದಾರಿಯನ್ನು ಮುಚ್ಚುತ್ತಿತ್ತು.

ಇಷ್ಟೇ ಆಗಿದ್ದರೆ ಅವನು ಮರೆತುಬಿಡುತ್ತಿದ್ದ. ಹಳ್ಳಿಗಾಡಿನ ಇತಿಹಾಸದಲ್ಲಿ ಇಂಥ ತಪ್ಪು ನೂರು ಇವೆ, ಯಾರೂ ಸಾಯುವುದಿಲ್ಲ. ಆದರೆ ಎರಡು ವರ್ಷದ ಹಿಂದೆ, ಇದೇ ಆಷಾಢದಲ್ಲಿ, ಮಂಚಯ್ಯನ ಮೊಮ್ಮಗ ಲಿಂಗರಾಜು ಸಂಜೆ ತೆಪ್ಪದಲ್ಲಿ ಹೋದವನು ಬರಲಿಲ್ಲ. ‘ದೀಪಸ್ತಂಭದ ಬಳಿ ತೆಪ್ಪ ಮಗುಚಿ ಯುವಕ ನಾಪತ್ತೆ’ ಎಂದು ಪತ್ರಿಕೆಯಲ್ಲಿ ಬಂತು. ಕೆಳಗೆ ‘ಇತಿಹಾಸಕಾರ ಡಾ. ನಟರಾಜು ಅವರ ಪ್ರಕಾರ’ ಎಂದು ಅವನ ವಾಕ್ಯವಿತ್ತು. ಅದನ್ನು ಓದಿದಾಗ ಮೊದಲು ಅವನಿಗೆ ಖುಷಿಯಾಗಿತ್ತು. ಆ ಚೂರನ್ನು ಕತ್ತರಿಸಿ ಇಟ್ಟುಕೊಂಡಿದ್ದ. ತಾಯಿ ದಿನವೂ ಗೋಪುರಕ್ಕೆ ದೀಪ ಹಚ್ಚುತ್ತಾಳೆಂದು ಆಮೇಲೆ ಯಾರೋ ಹೇಳಿದರು. ಏಪ್ರಿಲ್‌ನಲ್ಲಿ ವರದಿ ಸಿಕ್ಕ ದಿನ ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ತಿಟ್ಟಿನ ಕೆಳಗೆ ನೀರಿನಲ್ಲಿ ಬರೀ ಮರದ ಬೊಡ್ಡೆಗಳು. ದಡ ಕಡಿದು. ತೆಪ್ಪ ಕಟ್ಟುವುದಕ್ಕೆ ಅದಕ್ಕಿಂತ ಕೆಟ್ಟ ಜಾಗ ಹಿನ್ನೀರಿನಲ್ಲೇ ಇಲ್ಲ. ಬೆಳಕು ಕರೆಯುತ್ತದೆ ಎಂದು ಅವನು ಬರೆದ, ಊರು ನಂಬಿ ದೀಪ ಹಚ್ಚಿತು, ಹುಡುಗ ಬೆಳಕನ್ನು ನೋಡಿಕೊಂಡು ಬಂದ.

ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಆದರೆ ಅಂದಿನಿಂದ, ಬಹಳ ವರ್ಷದ ಮೇಲೆ, ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣವೂ ಇತ್ತು. ಇದನ್ನು ಅವನು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಮೊಬೈಲ್ ಅಲುಗಿತು. ಹೆಂಡತಿ ಸುಧಾ.

“ಎಷ್ಟೊತ್ತಿಗೆ ಬರ್ತೀರಿ?”

“ಎಂಟಾಗಬಹುದು.”

“ಎಂಟಾ, ಒಂಬತ್ತಾ?”

“ಒಂಬತ್ತು ಅಂತ ಇಟ್ಕೊ.”

“ಸರಿ,” ಎಂದು ಇಟ್ಟಳು.

ದಿನವೂ ಸಂಜೆ ಐದಕ್ಕೆ ಈ ಪ್ರಶ್ನೆ ಬರುತ್ತಿತ್ತು. ಇನ್ನು ಯಾವ ಮಾತೂ ಅವರ ನಡುವೆ ಅಷ್ಟು ತಪ್ಪದೆ ನಡೆಯುತ್ತಿರಲಿಲ್ಲ. ಅವನು ತಡವಾಗಿ ಬಂದಾಗಲೆಲ್ಲ ಜಗಲಿಯ ಬಲ್ಬು ಉರಿಯುತ್ತಿತ್ತು, ಮೇಜಿನ ಮೇಲೆ ತಟ್ಟೆ ಮುಚ್ಚಿಟ್ಟಿರುತ್ತಿತ್ತು, ಅವಳು ಒಳಕೋಣೆಯಲ್ಲಿ ಮಲಗಿರುತ್ತಿದ್ದಳು. ಒಮ್ಮೆ ಸ್ಟಾಫ್ ರೂಮಿನಲ್ಲಿ ಅವನು, “ನಮ್ಮನೇಲಿ ಈಗಲೂ ದೀಪ ಹಾಕ್ಕೊಂಡು ಕಾಯ್ತಾರಪ್ಪಾ,” ಎಂದಿದ್ದ. ಅಂದಮೇಲೆ ತಾನೇಕೆ ಅಷ್ಟು ಜೋರಾಗಿ ಅಂದೆ ಎಂದು ಮುಜುಗರಪಟ್ಟಿದ್ದ.

ತಿಟ್ಟಿನಲ್ಲಿ ಹರ್ಷಿತಾ ಕಾಯುತ್ತಿದ್ದಳು. ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿಸುವ ಒಂದು ಟ್ರಸ್ಟಿನವಳು, ಮೂವತ್ತರ ಒಳಗಿನ ಹುಡುಗಿ. ಇಬ್ಬರು ಕೆಲಸದವರ ಜೊತೆ ಮೋಟಾರು ಬೋಟಿನಲ್ಲಿ ಬಂದು ಬಾಗಿಲ ಪಕ್ಕದಲ್ಲಿ ಬೋರ್ಡು ಹಾಕಿಸಿದ್ದಳು. ನೀಲಿ ಹಿನ್ನೆಲೆ, ಬಿಳಿ ಅಕ್ಷರ. ಅವನ ವಾಕ್ಯ ಇಡಿಯಾಗಿ ಇತ್ತು. ಕೆಳಗೆ ಅವನ ಹೆಸರು.

“ನೋಡಿ ಓಕೆ ಮಾಡಿದ್ರೆ ಸಾಕು ಸರ್. ಭಾನುವಾರ ಉದ್ಘಾಟನೆ.”

ಅವನು ಜೆರಾಕ್ಸ್ ತೆಗೆದುಕೊಟ್ಟ. ಗಾಳಿಗೆ ಹಾಳೆ ಪಟಪಟ ಬಡಿದುಕೊಂಡಿತು. ಅವಳು ಬೆನ್ನು ತಿರುಗಿಸಿ ನಿಂತು ಓದಿದಳು. ಓದಿ ಮುಗಿಸಿ ಅವನ ಮುಖ ನೋಡಲಿಲ್ಲ, ಬೋರ್ಡನ್ನು ನೋಡಿದಳು.

“ಇದು ಆನೆ ಹಿಡಿಯೋ ವಿಷಯ ಅಲ್ವಾ ಸರ್.”

“ಹೌದು.”

“ಜನಕ್ಕೆ ಈಗ ಅದು ಸ್ವಲ್ಪ ಬೇಜಾರಾಗತ್ತೆ.”

“ಬೇಜಾರಾಗ್ಲಿ. ಇದು ದೀಪಸ್ತಂಭ ಅಲ್ಲ.”

“ಎರಡೂ ಇದ್ದಿರಬಹುದಲ್ವಾ?”

“ಇರೋಕೆ ಸಾಧ್ಯ ಇಲ್ಲ.”

“ಅಲ್ಲ ಅನ್ನೋಕೆ ಆಧಾರ ಇದೆಯಾ ಸರ್?”

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಇಂಥ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷದ ಹಿಂದೆ ಯಾರಾದರೂ ಕೇಳಬೇಕಿತ್ತು ಎಂದುಕೊಂಡ. ಅವಳು ಹಾಳೆಯನ್ನು ನೀಟಾಗಿ ಮಡಿಚಿ ವಾಪಸು ಕೊಟ್ಟಳು. ಮುಂದಿನ ಸಲ ಬೋರ್ಡು ಬದಲಿಸುವಾಗ ನೋಡೋಣ ಎಂದಳು. ಕೆಲಸದವನು ನಾಲ್ಕನೇ ಬೋಲ್ಟನ್ನು ಬಿಗಿಯಲೋ ಬೇಡವೋ ಎಂದು ಸ್ಪ್ಯಾನರ್ ಹಿಡಿದು ನಿಂತಿದ್ದ.

“ಆಯ್ತು,” ಎಂದ ನಟರಾಜು.

ಮದುವೆಗೂ ಹೀಗೇ ಆಯ್ತು ಎಂದಿದ್ದ. ಮಕ್ಕಳು ಬೇಡ ಎಂದು ಸುಧಾ ಅಂದಾಗಲೂ, ಬೇರೆ ಕೋಣೆಯಲ್ಲಿ ಮಲಗುತ್ತೇನೆ ಅಂದಾಗಲೂ ಆಯ್ತು ಎಂದಿದ್ದ. ಕೆಲಸದವನು ಬೋಲ್ಟು ಬಿಗಿದ. ಹರ್ಷಿತಾ ಬೋರ್ಡಿನ ಪಕ್ಕದಲ್ಲಿ ಅವನನ್ನು ನಿಲ್ಲಿಸಿ ಫೋಟೋ ತೆಗೆದಳು, ಕನ್ನಡಕದ ಮೇಲೆ ಬೆಳಕು ಬಿದ್ದಿದೆ ಎಂದು ಇನ್ನೊಂದು ತೆಗೆದಳು.

“ನೀವೂ ಬನ್ನಿ ಸರ್, ಬೋಟಲ್ಲಿ ಜಾಗ ಇದೆ. ಗಾಳಿ ಜಾಸ್ತಿ ಆಗ್ತಿದೆ.”

“ನೀವು ಹೊರಡಿ. ಮೇಲೆ ಒಬ್ಬರ ಹತ್ರ ಮಾತಾಡೋದಿದೆ.”

ಬೋಟು ಹೋಯಿತು. ಅದರ ಸದ್ದು ಅಡಗಿದ ಮೇಲೆ ಗಾಳಿಯ ಸದ್ದು ಎರಡರಷ್ಟಾಯಿತು. ಒಬ್ಬಳಿಗೆ ಹೇಳಿದ್ದಾಯಿತು, ಏನೂ ಆಗಲಿಲ್ಲ. ಆದರೆ ಅವಳು ಮುಖ್ಯವಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ. ಮೇಲಿರುವವಳ ಎದುರು ಆಯ್ತು ಎನ್ನುವ ಹಾಗಿರಲಿಲ್ಲ. ಅವಳು ಬಯ್ಯಬಹುದು. ಹೊಡೆಯಲೂಬಹುದು. ಎದೆ ಡವಗುಟ್ಟುವುದು ಬರೀ ಹೆದರಿಕೆಯಿಂದಲ್ಲ ಎಂದು ಅವನಿಗೇ ಗೊತ್ತಿತ್ತು. ಯಾರಾದರೂ ತನ್ನ ಕಡೆ ನೇರವಾಗಿ ತಿರುಗಿ ಕೋಪ ಮಾಡಿಕೊಂಡು ಎಷ್ಟು ವರ್ಷವಾಗಿತ್ತು.

ಮೆಟ್ಟಿಲು ಗೋಡೆಯೊಳಗೇ ಸುತ್ತಿಕೊಂಡು ಹೋಗುತ್ತಿತ್ತು, ಕತ್ತಲೆ, ಬಾವಲಿಯ ವಾಸನೆ. ಮೇಲೆ ಮೊಣಕಾಲೆತ್ತರದ ಕಟ್ಟೆಯ ಸುತ್ತು, ನಡುವೆ ಕಪ್ಪುಗಟ್ಟಿದ ಕಲ್ಲಿನ ಹೊಂಡ. ಚಿಕ್ಕಬೀರಮ್ಮ ಹೊಂಡದಿಂದ ಹಳೆಯ ಬೂದಿಯನ್ನು ಗೋರಿ ಹೊರಗೆ ಚೆಲ್ಲುತ್ತಿದ್ದಳು. ಅರವತ್ತರ ಆಸುಪಾಸಿನ ಹೆಂಗಸು, ಗಟ್ಟಿ ಕೈ. ಪಕ್ಕದಲ್ಲಿ ತೆಂಗಿನ ಮಟ್ಟೆ, ಒಂದು ಕ್ಯಾನಿನಲ್ಲಿ ಹೊಂಗೆ ಎಣ್ಣೆ, ಬಟ್ಟೆಯ ಗಂಟು. ಹಣತೆ ಇರಲಿಲ್ಲ, ಲಾಟೀನೂ ಇರಲಿಲ್ಲ.

“ಯಾರು?”

“ನಟರಾಜು ಅಂತ. ಹುಣಸೂರು ಕಾಲೇಜು. ಹಿಂದೆ ನಿಮ್ಮ ಮಾವನವರನ್ನ ನೋಡೋಕೆ ಬಂದಿದ್ದೆ.”

ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

“ಓ. ಬಸ್ಸುಗೆ ಓಡೋದ ಮೇಷ್ಟ್ರಾ.”

ಅವನು ನಗಲು ನೋಡಿದ.

“ನಮ್ಮಾವ ಸಾಯೋಗಂಟ ಅಂತಿತ್ತು. ಮಾತ್ನ ಅರ್ದುಕ್ಕೇ ಬುಟ್ಬುಟ್ಟು ಓಡೋಯ್ತಲ್ಲ ಆ ಮೇಷ್ಟ್ರು, ಕುಂತಿದ್ರೆ ಎಲ್ಲಾನೂ ಯೋಳ್ತಿದ್ದೆ ಅಂತ. ಕುಂತ್ಕಳಿ, ಗಾಳಿ ತಳ್ಬುಡ್ತದೆ.”

ಅವನು ಕೂತ. ಅವಳು ಗಂಟು ಬಿಚ್ಚಿದಳು. ಒಳಗೆ ಗಂಡಸರ ಬಟ್ಟೆ. ಚೌಕುಳಿ ಅಂಗಿಯೊಂದನ್ನು ಎತ್ತಿ ಹಲ್ಲಿನಲ್ಲಿ ಕಚ್ಚಿ ಒಂದು ಪಟ್ಟಿ ಹರಿದಳು. ಮಿಕ್ಕದ್ದನ್ನು ಮಡಿಚಿ ವಾಪಸು ಇಟ್ಟಳು.

“ಲಿಂಗರಾಜುದಾ?”

“ಊಂ. ದಿನಕ್ಕೊಂದು ತುಂಡು. ಇನ್ನೊಂದು ಟ್ರಂಕ್ ಅದೆ.”

ಸಿದ್ಧಮಾಡಿಕೊಂಡು ಬಂದ ವಾಕ್ಯ ಇತ್ತು, ನಿಲ್ಲಿಸಬೇಕಾದ ಜಾಗಗಳೂ ನೆನಪಿದ್ದವು. ಆದರೆ ಬಾಯಿಗೆ ಬಂದದ್ದು ಬೇರೆ.

“ನಾನೊಂದು ಪುಸ್ತಕ ಬರ್ದಿದ್ದೆ.”

“ಬರೀತಾರೆ.”

“ಇದು ತೆಪ್ಪದೋರಿಗೆ ದಾರಿ ತೋರಿಸೋ ದೀಪ ಅಂತ ಅದರಲ್ಲಿ ಬರ್ದೆ. ಅದು ತಪ್ಪು ಅಮ್ಮ. ಇದು ಖೆಡ್ಡಾದವರು ಕಟ್ಟಿಸಿದ್ದು. ದಾಟಿದ ಆನೆ ವಾಪಸ್ ತಿರುಗಬಾರದು ಅಂತ ಬೆಂಕಿ ಹಾಕ್ತಿದ್ರು.”

“ಊಂ.”

ಅವಳು ಪಟ್ಟಿಯನ್ನು ಎಣ್ಣೆಗೆ ಅದ್ದಿದಳು.

“ನಿಮಗೆ ಗೊತ್ತಿತ್ತಾ?”

“ಇಲ್ಲಿ ಬೆಂಕಿ ಆಕ್ತಿದ್ದೋನೇ ನಮ್ಮಾವ ಕಣ್ ಮೇಷ್ಟ್ರೆ. ನಂಗ್ ಗೊತ್ತಿರಾಕಿಲ್ವಾ? ನಮ್ಮೂರ್ನಲ್ಲಿ ಎಲ್ರುಗೂ ಗೊತ್ತು.”

“ಪುಸ್ತಕ ಯಾರೂ ಓದಿರಲಿಲ್ವಾ?”

“ಯಾವ್ ಪುಸ್ತಕ?”

ಗಾಳಿ ಕಟ್ಟೆಯ ಸಂದಿನಲ್ಲಿ ಸೀಟಿ ಹಾಕಿತು. ಅವನು ಕೈಯನ್ನು ಬ್ಯಾಗಿನ ಮೇಲೆ ಒತ್ತಿ ಹಿಡಿದುಕೊಂಡಿದ್ದ. ಇನ್ನೂ ಒಂದು ಮಾತು ಉಳಿದಿತ್ತು, ಅಸಲು ಮಾತು.

“ಲಿಂಗರಾಜು ಅವತ್ತು... ಈ ದೀಪ ನೋಡ್ಕೊಂಡು ಈ ಕಡೆ ಬಂದು ಬೊಡ್ಡೆಗೆ ಸಿಕ್ಕಿ...”

“ಯಾವ್ ದೀಪ? ಅವತ್ತು ಇಲ್ಲಿ ಏನಿತ್ತು? ಬಾವಲಿ ಇತ್ತು. ನಾನು ಅಚ್ಚಕ್ಕೆ ಸುರು ಮಾಡಿದ್ದೇ ಅವ್ನು ವೋದ್ಮೇಲೆ.”

“ಪೇಪರಿನಲ್ಲಿ ಬಂದಿತ್ತು.”

“ಕುಡ್ದಿದ್ದ. ಗಾಳಿ ಇತ್ತು. ಬಸವರಾಜು ಬ್ಯಾಡ ಅಂದ್ರೂ ಅವನ ತೆಪ್ಪ ಕಿತ್ಕಂಡು ವೋದ. ಅಷ್ಟೆ ಕಣಿ.”

ಅಷ್ಟೆ. ಮೂರು ತಿಂಗಳ ನಿದ್ದೆಯಿಲ್ಲದ ರಾತ್ರಿಗಳು ಆ ಎರಡಕ್ಷರದಲ್ಲಿ ಮುಗಿದವು. ಅವನು ಯಾರನ್ನೂ ಕೊಂದಿರಲಿಲ್ಲ. ಒಂದು ಕ್ಷಣ ಮೈಯೆಲ್ಲ ಹಗುರಾಯಿತು. ಮರುಕ್ಷಣವೇ, ಇದು ಹಗುರಲ್ಲ, ಒಳಗೆ ಏನೂ ಉಳಿದಿಲ್ಲ ಎಂದು ತಿಳಿಯಿತು. ಅವನ ವಾಕ್ಯವನ್ನು ಯಾರೂ ನಂಬಿರಲಿಲ್ಲ, ಅದನ್ನು ನಂಬಿ ಯಾರೂ ಬಂದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಒಂದು ಕೇಡಿಗೂ ಅವನು ಕಾರಣನಾಗಿರಲಿಲ್ಲ. ಅವನಿಗೆ ಅಳು ಬರುವ ಹಾಗಾಯಿತು, ಬರಲಿಲ್ಲ.

“ಹಾಗಾದ್ರೆ ಇದನ್ನ ಯಾಕೆ ಹಚ್ತೀರಿ?” ಎಂದು ಕೇಳಿದ.

ಕೇಳಿದ ಮೇಲೆ, ಈ ಮನೆತನದವರನ್ನು ಯಾಕೆ ಎಂದು ಇದೇ ಮೊದಲ ಸಲ ಕೇಳುತ್ತಿದ್ದೇನೆ ಎಂದು ಹೊಳೆಯಿತು.

ಚಿಕ್ಕಬೀರಮ್ಮ ಮಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಎಣ್ಣೆಯ ಪಟ್ಟಿಯನ್ನು ಅದರ ನಡುವೆ ತುರುಕಿದಳು.

“ಎಣ ಸಿಗ್ನಿಲ್ಲವಲ್ಲ ಮೇಷ್ಟ್ರೆ. ಸತ್ನೋ ಇಲ್ಲ ಎತ್ಲಾಗಾರ ಎದ್ದು ವೋದ್ನೋ ಯಾರ್ ಕಂಡವ್ರೆ? ಸತ್ತಿದ್ರೂ ಬರ್ಬಾರ್ದು, ಬದ್ಕಿದ್ರೂ ಬರ್ಬಾರ್ದು. ಅಂತಾ ಆನೇನೇ ಈ ಬೆಂಕಿ ಕಂಡು ವಾಪಸ್ ತಿರುಗ್ತಿರ್ನಿಲ್ಲ.”

“ನಿಮ್ಮ ಮಗ ಅವನು.”

“ಊಂ. ನಾನ್ ಎತ್ತಿದ್ದು.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನನ್ ಸೊಸೆ ಮೈ ಮ್ಯಾಲೆ ಅವ್ನು ಬುಟ್ಟಿರೋ ಗುರ್ತು ನೀವ್ ನೋಡ್ನಿಲ್ಲ. ಮೊಮ್ಮಗ್ಳು ಅಪ್ಪನ್ ದನಿ ಕೇಳುದ್ರೆ ಒಲೆ ಸಂದೀಲಿ ವೋಗಿ ಕೂತ್ಕತಿತ್ತು. ಈಗ ಇಬ್ರೂ ನಿದ್ದೆ ಮಾಡ್ತವ್ರೆ.”

ಹೊಂಡದಿಂದ ಜಾರಿದ ಒಂದು ಮಟ್ಟೆಯನ್ನು ಅವನು ಎತ್ತಿ ಕೊಟ್ಟ.

“ನಂಗೆ ಆಸೆ ಇಲ್ಲ ಅಂತಾ ಅಂದ್ಕಬ್ಯಾಡಿ,” ಎಂದಳು. “ಆಸೆ ಅದೆ ಅಂತ್ಲೇ ಇಷ್ಟು ದೂರ ಬರಾದು. ಈ ಗಾಳೀಲಿ ಮನೇಲಿದ್ರೆ ಕದ ಬಡ್ದಂಗಾಯ್ತದೆ. ತಗ್ದ್ಬುಡ್ತೀನೇನೋ ಅಂತ ಭಯ.”

ಅಷ್ಟು ಹೇಳಿ ಬೆಂಕಿಪೊಟ್ಟಣ ತೆಗೆದಳು. ಕಡ್ಡಿ ಗೀರಿದಳು, ಆರಿತು. ಇನ್ನೊಂದು ಗೀರಿದಳು, ಅದೂ ಆರಿತು. ಅವಳು ಅವನ ಕಡೆ ತಿರುಗಿದಳು.

“ವಸಿ ಇಲ್ ಬಂದ್ ನಿಂತ್ಕಳಿ. ಗಾಳಿಗೆ ಮರೆಯಾಯ್ತದೆ.”

ನಟರಾಜು ಎದ್ದು ಅವಳು ತೋರಿಸಿದ ಜಾಗದಲ್ಲಿ ನಿಂತ. ಬೆನ್ನಿಗೆ ಗಾಳಿ ಗುದ್ದಿತು. ಅವನು ಅಲುಗಾಡದೆ ನಿಂತಿದ್ದ. ಮೂರನೇ ಕಡ್ಡಿಗೆ ಪಟ್ಟಿ ಹತ್ತಿಕೊಂಡಿತು, ಚೌಕುಳಿಗಳು ಒಂದೊಂದಾಗಿ ಕಪ್ಪಾದವು, ಮಟ್ಟೆ ಚಟಗುಟ್ಟಿತು.

“ಸಾಕು ಬುಡಿ,” ಎಂದಳು ಚಿಕ್ಕಬೀರಮ್ಮ.

ಬೆಂಕಿ ಚೆನ್ನಾಗಿ ಹತ್ತಿಕೊಂಡ ಮೇಲೆ ಅವಳು ಅಲ್ಲಿ ಒಂದು ಗಳಿಗೆಯೂ ಇರಲಿಲ್ಲ. ಗಂಟನ್ನು ಕಂಕುಳಿಗೆ ಇಟ್ಟುಕೊಂಡು, ಬೆಂಕಿಗೆ ಬೆನ್ನು ಮಾಡಿ, ಮೆಟ್ಟಿಲಿಳಿದಳು. ಅವನು ಹಿಂದೆ ಬಂದ. ಇಳಿಯುತ್ತ ಅವಳು, “ಅಚ್ಚುದ್ಮೇಲೆ ತಿರುಗಿ ನೋಡ್ಬಾರ್ದು ಮೇಷ್ಟ್ರೆ,” ಎಂದಳು. ಸ್ಮಶಾನದಲ್ಲೂ ಕೊಳ್ಳಿಯಿಟ್ಟವನಿಗೆ ಹಾಗೇ ಹೇಳುತ್ತಾರೆ ಎಂದು ಅವನಿಗೆ ನೆನಪಾಯಿತು.

ಬಸವರಾಜು ತೆಪ್ಪ ಹಿಡಿದುಕೊಂಡು ನಿಂತಿದ್ದ. ಹೊತ್ತು ಮುಳುಗಿತ್ತು. ಚಿಕ್ಕಬೀರಮ್ಮ ಕೂತವಳೇ ಸೆರಗನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡಳು. ಈ ಸಲ ನಟರಾಜು ಯಾವ ಕಡೆ ಕೂರಬೇಕೆಂದು ಯೋಚಿಸಲಿಲ್ಲ, ಸಿಕ್ಕಲ್ಲಿ ಕೂತ.

“ದಡ ಕಾಣಲ್ವಲ್ಲ, ಹೇಗೆ ಹೋಗ್ತೀಯ?”

“ಬೆಂಕೀನ ಬೆನ್ನ್ ಕಡೀಕೆ ಇಟ್ಕಂಡು ವೋಗಾದು ಸಾ. ಅಷ್ಟೇಯ.”

ನಡುನೀರಿನಲ್ಲಿ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬಂತು. ಅವನು ತಾನಾಗಿ ಹೆಂಡತಿಗೆ ಫೋನು ಮಾಡಿ ಎಷ್ಟು ದಿನವಾಗಿತ್ತೋ ನೆನಪಿರಲಿಲ್ಲ. ನಂಬರು ಒತ್ತಿದ. ಬಹಳ ಹೊತ್ತು ಹೊಡೆದ ಮೇಲೆ ಎತ್ತಿದಳು.

“ಏನಾಯ್ತು?” ಎಂದಳು ಸುಧಾ. ದನಿಯಲ್ಲಿ ಗಾಬರಿಯಿತ್ತು. ಹಿಂದೆ ಟಿವಿಯ ಸದ್ದು.

“ಏನಿಲ್ಲ. ಹೊರಗಿನ ಲೈಟ್ ಹಾಕಿದೀಯಾ?”

“ದಿನಾ ಹಾಕ್ತೀನಲ್ಲ.”

“ಯಾಕೆ?”

“ಏನು ಯಾಕೆ?”

“ಯಾಕೆ ಹಾಕ್ತೀಯ?”

ಟಿವಿಯ ಸದ್ದು ನಿಂತಿತು. ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಇಪ್ಪತ್ತೇಳು ವರ್ಷದ ದಾಂಪತ್ಯದಲ್ಲಿ ಅವಳು ಒಂದು ಉತ್ತರಕ್ಕೆ ಇಷ್ಟು ಯೋಚಿಸಿದ್ದು ಅವನಿಗೆ ಗೊತ್ತಿರಲಿಲ್ಲ.

“ಬೀಗದ ತೂತು ಕಾಣ್ಲಿ ಅಂತ,” ಎಂದಳು.

“ಅಷ್ಟೇನಾ?”

“ಕಾಣದಿದ್ರೆ ಬೆಲ್ ಮಾಡ್ತೀರಿ. ಎದ್ದು ಬರಬೇಕಾಗತ್ತೆ.”

ಬಯ್ದಿರಲಿಲ್ಲ ಅವಳು, ಕೇಳಿದ್ದಕ್ಕೆ ನಿಜ ಹೇಳಿದ್ದಳು ಅಷ್ಟೆ.

“ಒಂಬತ್ತಕ್ಕೇ ತಾನೆ ಬರೋದು?” ಎಂದು ಆಮೇಲೆ ಕೇಳಿದಳು. “ಅದಕ್ಕೆ ಮುಂಚೆ ಬರಲ್ಲ ತಾನೆ?”

ಅವನು ಆಯ್ತು ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ಅವಳಿಗೆ ಕೇಳಿಸಿತೋ ಇಲ್ಲವೋ.

ಗಾಳಿ ಅಡ್ಡ ಬೀಸಿತು. ತೆಪ್ಪ ಹುಟ್ಟಿಗೆ ಬಗ್ಗದೆ ಸುತ್ತತೊಡಗಿತು. ಕುತ್ತಿಗೆಯನ್ನು ಒಂದಿಷ್ಟೂ ತಿರುಗಿಸದೆ ಕೂತಿದ್ದ ನಟರಾಜುವಿನ ಎದುರಿಗೆ ಬಡಗಲ ತಿಟ್ಟಿನ ಬೆಂಕಿ ತಾನಾಗಿ ಬಂದು ನಿಂತಿತು. ಅದು ಚೆನ್ನಾಗಿ ಹತ್ತಿಕೊಂಡು ಉರಿಯುತ್ತಿತ್ತು. ಸತ್ತ ಮರಗಳ ನೆರಳು ನೀರಿನ ಮೇಲೆ ಉದ್ದಕ್ಕೆ ಬಿದ್ದಿತ್ತು.

“ಕಣ್ ಮುಚ್ಕಳಿ ಸಾ,” ಎಂದ ಬಸವರಾಜು ಹುಟ್ಟನ್ನು ಬಲವಾಗಿ ಒತ್ತುತ್ತ. “ತಿರುಗೋಗಂಟ ಕಣ್ ಮುಚ್ಕಳಿ.”

ಚಿಕ್ಕಬೀರಮ್ಮ ಸೆರಗಿನೊಳಗೆ ಕೂತಿದ್ದಳು. ನಟರಾಜು ಕಣ್ಣು ಮುಚ್ಚಲಿಲ್ಲ. ಬೆಂಕಿ ಅವನ ಎಡಕ್ಕೆ ಸರಿಯಿತು, ಕಿವಿಯ ಹಿಂದೆ ಮರೆಯಾಯಿತು, ಎದುರಿಗೆ ಕತ್ತಲು ಬಂತು. ಆ ಕತ್ತಲ ಆಚೆ ಎಲ್ಲೋ ಹುಣಸೂರು, ಜಗಲಿ, ಉರಿಯುವ ಬಲ್ಬು. ತೆಪ್ಪ ಇನ್ನೊಂದು ಸುತ್ತು ತಿರುಗಿತು, ಬೆಂಕಿ ಮತ್ತೆ ಎದುರಿಗೆ ಬಂತು.